ಮೆಂಟರ್ ಮೇಡಂ ಯಾರ ಕಡೆಯವರು?

ಸರ್ಕಾರಿ ಡಿಗ್ರಿ ಕಾಲೇಜಿನಲ್ಲಿ ಕೆಲಸ ಮಾಡುವವರಿಗೆ ಪಾಠ ಮಾಡುವುದೊಂದನ್ನು ಬಿಟ್ಟು ಉಳಿದಿದ್ದೆಲ್ಲ ತಾನಾಗಿಯೇ ಆಗುತ್ತಿರುತ್ತದೆ. ಏನೂ ಆಗದ ದಿನ ಏನೋ ಮರೆತಂತಾಗಿ ಸ್ಟಾಫ್ ರೂಮಿನಲ್ಲಿ ಕೂತು ಬಾಗಿಲ ಕಡೆ ನೋಡುತ್ತೇವೆ.

ನಾನು ಇತಿಹಾಸ ಹೇಳಿಕೊಡುವವಳು. ಮೊದಲು ಸೊರಬದಲ್ಲಿದ್ದೆ, ವರ್ಗವಾಗಿ ಈಗ ಶಿಕಾರಿಪುರದಲ್ಲಿದ್ದೇನೆ. ಎರಡೂ ಕಡೆ ಇತಿಹಾಸದ ಜೊತೆಗೆ ಇನ್ನೊಂದು ಕೆಲಸ ಅಂಟಿಕೊಂಡೇ ಬಂತು. ಅದರ ಹೆಸರು ಮೆಂಟರ್. ಪ್ರತಿಯೊಬ್ಬ ಅಧ್ಯಾಪಕರಿಗೂ ಒಂದಷ್ಟು ಹುಡುಗ ಹುಡುಗಿಯರನ್ನು ಹಂಚಿಕೊಡುತ್ತಾರೆ. ಅವರು ಯಾವ ವಿಷಯ ತೆಗೆದುಕೊಳ್ಳಬೇಕು, ಹಾಜರಿ ಯಾಕೆ ಕಡಿಮೆಯಾಯಿತು, ಪೇಪರ್ ಯಾಕೆ ಹೋಯಿತು, ಡಿಗ್ರಿ ಆದಮೇಲೆ ಮುಂದೇನು, ಇದನ್ನೆಲ್ಲ ನಾವು ವಿಚಾರಿಸಿಕೊಳ್ಳಬೇಕು. ಒಟ್ಟಿನಲ್ಲಿ ಬುದ್ಧಿ ಹೇಳಬೇಕು. ನಮ್ಮ ಅತ್ತೆಗೆ ಇದನ್ನು ವಿವರಿಸಿದಾಗ ಅವರು, "ಅದಕ್ಕೆಲ್ಲ ಸಂಬಳ ಕೊಡ್ತಾರಾ? ನಾವು ಇಷ್ಟು ವರ್ಷ ಪುಕ್ಕಟೆ ಹೇಳಿಕೊಂಡು ಬಂದ್ವಲ್ಲೇ" ಅಂದರು.

ನನ್ನ ಕೈಯಲ್ಲಿ ಇರುವುದು

ಸೊರಬದಲ್ಲಿ ನನ್ನ ಮೊದಲ ವರ್ಷ. ಪ್ರಿನ್ಸಿಪಾಲರು ಕರೆದು, "ಮೆಂಟರ್ ಹತ್ತಿರ ಏನೇನು ನಿರೀಕ್ಷೆ ಮಾಡಬಹುದು ಅಂತ ಮಕ್ಕಳಿಗೆ ಮೊದಲೇ ಸ್ಪಷ್ಟವಾಗಿ ಹೇಳಿಬಿಡಿ ಮೇಡಂ. ಆಮೇಲೆ ನಮಗೆ ಗೊತ್ತಿರಲಿಲ್ಲ ಅನ್ನಬಾರದು" ಅಂದರು. ನನಗೂ ಹೊಸ ಹುರುಪು. ನನ್ನ ಪಾಲಿಗೆ ಬಂದ ಮಕ್ಕಳನ್ನೆಲ್ಲ ಒಂದು ಕೋಣೆಯಲ್ಲಿ ಕೂರಿಸಿ, ಉದ್ದಕ್ಕೆ ಮಾತಾಡಿದೆ. "ಓದಿನ ವಿಷಯ ಇರಲಿ, ಮನೆ ವಿಷಯ ಇರಲಿ, ಸಂಕೋಚ ಇಲ್ಲದೆ ಬನ್ನಿ. ನಾನು ನಿಮ್ಮ ದೊಡ್ಡಕ್ಕ ಅಂದ್ಕೊಳ್ಳಿ" ಅಂತ ಮುಗಿಸಿ, "ಏನಾದರೂ ಕೇಳೋದಿದೆಯಾ?" ಅಂದೆ.

ಹೊಸಬಾಳೆ ಕಡೆಯ ಒಬ್ಬ ಹುಡುಗ ಎದ್ದ. "ಮೇಡಂ, ನಮ್ಮೂರ ಬಸ್ಸು ಕಡೇ ಪೀರಿಯಡ್ ಮುಗಿಯೋಕೆ ಮುಂಚೇನೇ ಹೊರಟೋಗ್ತದೆ. ಸ್ವಲ್ಪ ನಿಲ್ಲಿಸ್ತೀರಾ?"

"ಅದು ಡಿಪೋದವರದ್ದಪ್ಪ. ನನ್ನ ಕೈಲಿಲ್ಲ."

"ಹಂಗಾದ್ರೆ ಕಡೇ ಪೀರಿಯಡ್ ನಿಲ್ಲಿಸಿ ಮೇಡಂ."

"ಅದು ಪ್ರಿನ್ಸಿಪಾಲರದ್ದು. ಅದೂ ನನ್ನ ಕೈಲಿಲ್ಲ."

ಇನ್ನೊಬ್ಬ ಹಾಸ್ಟೆಲಿನ ಸಾರಿನ ವಿಷಯ ಎತ್ತಿದ. ಹಾಸ್ಟೆಲ್ ಬೇರೆ ಇಲಾಖೆಯದ್ದು, ನನ್ನ ಕೈಲಿಲ್ಲ ಅಂದೆ. ಮತ್ತೊಬ್ಬಳು ತಡವಾಗಿರುವ ರಿಸಲ್ಟ್ ಕೇಳಿದಳು. ಅದು ವಿಶ್ವವಿದ್ಯಾಲಯದ್ದು ಅಂದೆ. ಸ್ಕಾಲರ್‌ಶಿಪ್ ಕೇಳಿದರು. ಅದು ಪೋರ್ಟಲ್ ತೆರೆದಾಗ ಅಂದೆ. ಪೋರ್ಟಲ್ ಯಾರ ಕೈಲಿದೆ ಅಂತ ಕೇಳಿದರು. ಅದು ಯಾರಿಗೂ ಗೊತ್ತಿಲ್ಲ ಅಂದೆ.

ಕಡೆಗೆ ಹಿಂದಿನ ಬೆಂಚಿನಲ್ಲಿ ಇಷ್ಟು ಹೊತ್ತೂ ಸುಮ್ಮನಿದ್ದ ಹುಡುಗಿಯೊಬ್ಬಳು, ತಮಾಷೆಗಲ್ಲ, ನಿಜವಾಗಿಯೂ ತಿಳಿದುಕೊಳ್ಳುವ ಆಸೆಯಿಂದಲೇ ಎದ್ದು ಕೇಳಿದಳು: "ಮತ್ತೆ ನಿಮ್ಮ ಕೈಲಿ ಏನೈತೆ ಮೇಡಂ?"

ನಾನು ಕೈ ನೋಡಿಕೊಂಡೆ. ಚಾಕ್‌ಪೀಸು ಇತ್ತು. ಅದೂ ಅರ್ಧ.

ಹಲ್ಲು ಎಣಿಸಿ ನೋಡಿದ ಹಾಗೆ

ಪ್ರವೇಶದ ಸಮಯದಲ್ಲಿ ಮಕ್ಕಳಿಗೆ ವಿಷಯ ಆರಿಸಿಕೊಳ್ಳಲು ಸಹಾಯ ಮಾಡುವುದೂ ಮೆಂಟರ್ ಕೆಲಸವೇ. ಬರುವವರಲ್ಲಿ ಅರ್ಧ ಜನಕ್ಕೆ ಸ್ನೇಹಿತರು ಏನು ತೆಗೆದುಕೊಂಡರೋ ಅದೇ ಬೇಕು. ಇನ್ನರ್ಧ ಜನಕ್ಕೆ ಬೆಳಿಗ್ಗೆ ಬೇಗ ಮುಗಿಯುವುದು ಬೇಕು. ಒಬ್ಬ ಹುಡುಗ ಮಾತ್ರ ಓಡಿಬಂದು, "ನನಗೆ ಇತಿಹಾಸವೇ ಬೇಕು ಮೇಡಂ" ಅಂದ. ನನಗೆ ಕಣ್ಣು ತುಂಬಿಬಂತು. "ಯಾಕಪ್ಪ, ಅಷ್ಟು ಆಸಕ್ತಿ?" ಅಂದೆ. "ಹಂಗಲ್ಲ ಮೇಡಂ. ನಮ್ಮಣ್ಣನ ಪುಸ್ತಕ ಮನೇಲಿದಾವೆ. ಬೇರೆ ಸಬ್ಜೆಕ್ಟಾದ್ರೆ ಹಳೇ ಪುಸ್ತಕ ನಡಿಯಲ್ಲ. ಇತಿಹಾಸ ಏನೂ ಬದಲಾಗಲ್ಲ ಅಲ್ವಾ?"

ಅದನ್ನೂ ಸಹಿಸಿಕೊಂಡೆ. ಸಹಿಸಲಾಗದ್ದು ಅದೇ ದಿನ ಮಧ್ಯಾಹ್ನ ಬಂತು.

ಒಬ್ಬ ರೈತರು ಮಗಳನ್ನು ಕರೆದುಕೊಂಡು ಬಂದರು. ಬಿಳೀ ಅಂಗಿ, ಹೆಗಲ ಮೇಲೆ ಟವೆಲ್. ಕುರ್ಚಿ ತೋರಿಸಿದರೂ ಕೂರಲಿಲ್ಲ. ಸಂತೆಯಲ್ಲಿ ಎತ್ತು ಕೊಳ್ಳುವವರು ಮೊದಲು ಸುತ್ತ ಒಂದು ಸುತ್ತು ಹಾಕುತ್ತಾರಲ್ಲ, ಹಾಗೆ ನಿಂತಲ್ಲೇ ಕೋಣೆಯನ್ನೆಲ್ಲ ನೋಡಿದರು. ಮಗಳು ತಲೆ ತಗ್ಗಿಸಿಕೊಂಡು, "ಇತಿಹಾಸ ತಗೋತೀನಿ ಅಪ್ಪಾಜಿ" ಅಂದಳು.

ಅವರು ನನ್ನ ಕಡೆ ತಿರುಗಿದರು. "ಇತಿಹಾಸ ತಗಂಡ್ರೆ ಏನಾಗ್ತಾರೆ ಮೇಡಂ?"

ನಾನು ಬೆನ್ನು ನೆಟ್ಟಗೆ ಮಾಡಿಕೊಂಡು ಶುರು ಮಾಡಿದೆ. ಕೆ.ಎ.ಎಸ್. ಬರೆಯಬಹುದು, ಪಿ.ಡಿ.ಓ. ಆಗಬಹುದು, ಶಿಕ್ಷಕಿ ಆಗಬಹುದು, ಪುರಾತತ್ವ ಇಲಾಖೆ ಇದೆ, ಪ್ರವಾಸೋದ್ಯಮ ಇದೆ. ಅವರು ಎಲ್ಲವನ್ನೂ ತಾಳ್ಮೆಯಿಂದ ಕೇಳಿದರು. ನಡುವೆ ಒಂದೆರಡು ಸಲ ತಲೆಯನ್ನೂ ಆಡಿಸಿದರು. ನಾನು ಗೆದ್ದೆ ಅಂದುಕೊಂಡೆ.

"ನೀವು ಏನು ತಗಂಡಿದ್ರಿ ಮೇಡಂ?" ಅಂದರು.

"ಇತಿಹಾಸವೇ."

ಅವರು ನನ್ನನ್ನು ಒಮ್ಮೆ ನೋಡಿದರು. ಮೇಲೆ ಕಟಕಟ ಅನ್ನುತ್ತ ತಿರುಗುತ್ತಿದ್ದ ಫ್ಯಾನನ್ನು ನೋಡಿದರು. ಒಂದು ಕಾಲಿಗೆ ಇಟ್ಟಿಗೆ ಚೂರು ಕೊಟ್ಟಿದ್ದ ನನ್ನ ಮೇಜನ್ನು ನೋಡಿದರು. ಮತ್ತೆ ನನ್ನನ್ನು ನೋಡಿ, ಬಹಳ ಮೆತ್ತಗೆ, ನನಗೆ ಬೇಸರವಾಗಬಾರದು ಅನ್ನುವ ದನಿಯಲ್ಲಿ ಹೇಳಿದರು: "ಎಕನಾಮಿಕ್ಸ್ ಬರ್ಕಳಿ ಮೇಡಂ."

ಎಣ್ಣೆ ಬಾಟ್ಲಿ

ಕ್ಯಾಸನೂರು ಕಡೆಯಿಂದ ಬರುತ್ತಿದ್ದ ಒಬ್ಬ ಹುಡುಗ ಇದ್ದಕ್ಕಿದ್ದಂತೆ ಕಾಣೆಯಾದ. ಫೋನ್ ಮಾಡಿದರೆ ಸ್ವಿಚ್ ಆಫ್. ಹೀಗೇ ಬಿಟ್ಟರೆ ಹಾಜರಿ ಸಾಲದೆ ಪರೀಕ್ಷೆಗೆ ಕೂರಲಾರ. ಮೆಂಟರ್ ಆದವರು ಮನೆಗೇ ಹೋಗಿ ವಿಚಾರಿಸಿದರೆ ಒಳ್ಳೆಯದು ಅಂತ ಪ್ರಿನ್ಸಿಪಾಲರು ಹೇಳಿದರು. ನಾನು ಲೈಬ್ರರಿ ಮೇಡಂ ಸ್ಕೂಟರಿನ ಹಿಂದೆ ಕೂತು ಹೊರಟೆ.

ಆ ಕಡೆಯ ಊರುಗಳಲ್ಲಿ ಮಂಗನ ಕಾಯಿಲೆಯ ಭಯ ಹಳೆಯದು. ಕಾಡಿಗೆ ಹೋಗುವವರು ಉಣ್ಣಿ ಹುಳ ಕಚ್ಚದ ಹಾಗೆ ಮೈಗೆ ಹಚ್ಚಿಕೊಳ್ಳಲಿ ಅಂತ ಆರೋಗ್ಯ ಇಲಾಖೆಯವರು ಮನೆಮನೆಗೆ ಒಂದು ಎಣ್ಣೆ ಕೊಡುತ್ತಾರೆ. ಹಾಗಾಗಿ ಹೆಗಲಿಗೆ ಬ್ಯಾಗು ಹಾಕಿಕೊಂಡ ಇಬ್ಬರು ಹೆಂಗಸರು ಸ್ಕೂಟರಿನಲ್ಲಿ ಬಂದು ಇಳಿದರೆ ಅವರು ಯಾರು ಅಂತ ಅಲ್ಲಿ ಯಾರೂ ಕೇಳುವುದಿಲ್ಲ.

ಜಗಲಿಯ ಮೇಲೆ ಹುಡುಗನ ಅಜ್ಜಿ ಕೂತಿದ್ದರು. ನಾವು ಬಾಯಿ ತೆರೆಯುವ ಮೊದಲೇ ಶುರು ಮಾಡಿದರು. "ಜ್ವರ ಯಾರಿಗೂ ಇಲ್ಲ. ಕಾಡಿಗೆ ಯಾರೂ ಹೋಗಿಲ್ಲ. ಮಂಗ ಸತ್ತಿದ್ದೂ ಕಂಡಿಲ್ಲ. ಬರ್ಕಳಿ."

"ಅಜ್ಜಿ, ನಾವು ಅದಕ್ಕೆ ಬಂದಿಲ್ಲ. ನಿಮ್ಮ ಮೊಮ್ಮಗ..."

"ಅವನೂ ಕಾಡಿಗೆ ಹೋಗಲ್ಲ. ದಿನಾ ಬೆಳಿಗ್ಗೆ ಎದ್ದು ಕಾಲೇಜಿಗೆ ಹೋಗ್ತಾನೆ. ಈಗಲೂ ಅಲ್ಲೇ ಅದಾನೆ."

"ಅಜ್ಜಿ, ನಾವು ಕಾಲೇಜಿಂದಲೇ ಬಂದಿದ್ದು. ಅವನು ಅಲ್ಲಿಗೆ ಬರ್ತಾನೇ ಇಲ್ಲ."

ಅಜ್ಜಿ ಬಾಯಲ್ಲಿದ್ದ ಎಲೆ ಅಡಿಕೆ ಪಕ್ಕಕ್ಕೆ ಸರಿಸಿಕೊಂಡು ನಮ್ಮಿಬ್ಬರನ್ನೂ ದಿಟ್ಟಿಸಿದರು. "ನೀವು ಪಾಠ ಹೇಳೋರಾ?"

"ಹೌದಜ್ಜಿ."

"ಇವತ್ತು ಕಾಲೇಜು ಐತಾ?"

"ಇದೆ ಅಜ್ಜಿ."

"ಮತ್ತೆ ನೀವು ಹಿಂಗೆ ಸ್ಕೂಟರ್ ಹತ್ಕಂಡು ಮನೆ ಮನೆ ತಿರುಗ್ತಾ ಇದ್ರೆ ಹುಡುಗ ಅಲ್ಲಿಗೆ ಬಂದು ಏನು ಮಾಡ್ಬೇಕು ತಾಯಿ?"

ಲೈಬ್ರರಿ ಮೇಡಂ ಆ ಕಡೆ ತಿರುಗಿ ಕೆಮ್ಮಿದರು. ನಾನು ಮೆಂಟರ್ ಅಂದರೆ ಏನು, ಹಾಜರಿ ಅಂದರೆ ಏನು ಅಂತ ಎಲ್ಲ ಹೇಳಿದೆ. ಅಜ್ಜಿ ನಮಗೆ ಮಜ್ಜಿಗೆ ಕೊಟ್ಟರು. ಹೊರಡುವಾಗ, "ಎಲ್ಲ ಸರಿ, ಈ ಸಲ ಎಣ್ಣೆ ಬಾಟ್ಲಿ ಯಾಕೆ ತಂದಿಲ್ಲ?" ಅಂದರು.

ಹುಡುಗ ಅಷ್ಟೂ ದಿನ ವಾಲಿಬಾಲ್ ಆಡಿಕೊಂಡು ಊರೂರು ತಿರುಗುತ್ತಿದ್ದನಂತೆ. ಮರುದಿನ ಮೊದಲ ಪೀರಿಯಡ್ಡಿಗೇ ಬಂದು ಮುಂದಿನ ಬೆಂಚಿನಲ್ಲಿ ಕೂತ. ನನಗೆ ಹೆಮ್ಮೆಯೆನಿಸಿತು. ಮನೆಭೇಟಿಯ ಫಲ ಇಷ್ಟು ಬೇಗ ಸಿಗುತ್ತದೆ ಅಂದುಕೊಂಡಿರಲಿಲ್ಲ. ಪಾಠ ಮುಗಿದ ಮೇಲೆ ಹತ್ತಿರ ಬಂದು ನಿಂತ.

"ಏನಪ್ಪ, ಅಜ್ಜಿ ಬೈದ್ರಾ?"

"ಇಲ್ಲ ಮೇಡಂ. ಎಣ್ಣೆ ಈ ಸಲ ಕಾಲೇಜಲ್ಲೇ ಕೊಡ್ತಾರಂತೆ, ಇಸ್ಕಂಡು ಬಾ ಅಂತ ಕಳಿಸಿದ್ರು."

ಸ್ಪೆಷಲ್ ಕ್ಲಾಸು

ಶಿಕಾರಿಪುರಕ್ಕೆ ಬಂದ ಮೇಲೆ ಪೋಷಕರಿಗೂ ನನ್ನ ನಂಬರ್ ಕೊಡಬೇಕಾಯಿತು. ಕೊಟ್ಟ ಮೇಲೆ ಫೋನು ನನ್ನದಾಗಿ ಉಳಿಯಲಿಲ್ಲ. ಜೋರು ಮಳೆ ಬಂದರೆ ಸಾಕು, "ನಾಳೆ ರಜಾ ಐತೇನ್ರಿ?" ಅಂತ ಜಿಲ್ಲಾಧಿಕಾರಿಗಳಿಗಿಂತ ಮೊದಲು ನನ್ನನ್ನು ಕೇಳುತ್ತಾರೆ.

ಒಂದು ಭಾನುವಾರ ನಾನೂ ನಮ್ಮನೆಯವರೂ ಅಂಜನಾಪುರ ಡ್ಯಾಮಿನ ಕಡೆ ಹೋಗಿದ್ದೆವು. ನೀರು ತುಂಬಿತ್ತು, ಗಾಳಿ ಚೆನ್ನಾಗಿತ್ತು. ಏರಿಯ ಮೇಲೆ ಸ್ವಲ್ಪ ದೂರ ನಡೆದಿದ್ದೆವು, ಎದುರಿಗೆ ನಾಲ್ಕು ಹುಡುಗರು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ನಾಲ್ವರೂ ನನ್ನ ಮೆಂಟರ್ ಗುಂಪಿನವರೇ. ನನ್ನನ್ನು ನೋಡಿದ ಕೂಡಲೇ ಫೋಟೋದಲ್ಲಿ ನಗುತ್ತಿದ್ದ ಬಾಯಿಗಳು ಹಾಗೇ ನಿಂತವು. ಯಾಕಿಷ್ಟು ಗಾಬರಿ, ಭಾನುವಾರ ತಾನೇ, ತಿರುಗಾಡಲಿ ಬಿಡು ಅಂದುಕೊಳ್ಳುತ್ತಿದ್ದ ಹಾಗೇ ನನ್ನ ಫೋನು ಹೊಡೆದುಕೊಂಡಿತು.

"ನಮಸ್ಕಾರ್ರಿ ಮೇಡಂ. ನಿಮ್ಮ ಬಿ.ಎ. ಹುಡುಗನ ತಾಯಿ ಮಾತಾಡೋದ್ರಿ. ಭಾನುವಾರನೂ ಬಿಡದಂಗೆ ಸ್ಪೆಷಲ್ ಕ್ಲಾಸ್ ತಗಳ್ತೀರಂತ. ಭಾಳ ಉಪಕಾರ ಆತ್ರಿ. ನನ್ನ ಮಗ ಬಂದಾನೇನ್ರಿ?"

ಮಗ ಎದುರಿಗೇ ನಿಂತಿದ್ದ. ಮುಖ ತೊಯ್ದ ಮಂಡಕ್ಕಿಯ ಹಾಗಾಗಿತ್ತು. ಎರಡೂ ಕೈ ಜೋಡಿಸಿದ್ದ. ಹಿಂದಿನ ಮೂವರೂ ಕೈ ಜೋಡಿಸಿದ್ದರು.

"ಬಂದಿದ್ದಾನಮ್ಮ. ನನ್ನ ಎದುರಿಗೇ ಇದಾನೆ" ಅಂದೆ. ಅದು ನಿಜವೇ.

"ಕ್ಲಾಸ್ ಶುರುವಾತೇನ್ರಿ?"

"ಈಗ ಆಗ್ತದಮ್ಮ."

"ಏನ್ರಿ ಅದು, ಭಾಳ ಗಾಳಿ ಸಪ್ಪಳ?"

"ಕಿಟಕಿ ದೊಡ್ಡದು."

ಫೋನಿಟ್ಟು ಹುಡುಗರನ್ನು ಅಲ್ಲೇ ಏರಿಯ ಮೇಲೆ ಕೂರಿಸಿದೆ. ಈ ಸೀಮೆಯ ಕೆರೆಗಳನ್ನು ಯಾರು ಯಾವಾಗ ಕಟ್ಟಿಸಿದರು, ತೂಬು ಅಂದರೇನು, ಕೋಡಿ ಅಂದರೇನು, ಶಾಸನಗಳಲ್ಲಿ ಕೆರೆ ಕೆಡಿಸಿದವರಿಗೆ ಹಾಕಿರುವ ಶಾಪಗಳು ಯಾವುವು, ಎಲ್ಲ ಹೇಳಿದೆ. ನಮ್ಮನೆಯವರು ಒಂದು ಸುತ್ತು ಹೋಗಿಬಂದರು. ಮತ್ತೊಂದು ಸುತ್ತು ಹೋಗಿಬಂದರು. ಮೂರನೇ ಸಲ ಬಂದು ತಾವೂ ಕೂತರು. ಬಿಸಿಲು ಏರಿದ ಮೇಲೆ ಒಬ್ಬ ಹುಡುಗ ಸಣ್ಣ ದನಿಯಲ್ಲಿ, "ಮೇಡಂ, ಅಮ್ಮಂಗೆ ನಿಜ ಹೇಳ್ಬಿಡ್ತೀವ್ರಿ, ನಮ್ಮನ್ನ ಬಿಡ್ರಿ" ಅಂದ.

ಸೋಮವಾರ ಪ್ರಿನ್ಸಿಪಾಲರು ಕರೆದರು. ಡ್ಯಾಮಿನಲ್ಲಿ ಯಾರೋ ನೋಡಿ ಅವರಿಗೆ ಹೇಳಿದ್ದರಂತೆ. "ಬಹಳ ಸಂತೋಷ ಮೇಡಂ. ಭಾನುವಾರವೂ ಮಕ್ಕಳಿಗೆ ಕ್ಷೇತ್ರ ಅಧ್ಯಯನ! ಇನ್ನು ಮೇಲೆ ಎಲ್ಲ ಮೆಂಟರುಗಳೂ ತಿಂಗಳಿಗೊಂದು ಭಾನುವಾರ ಹೀಗೇ ಮಾಡಲಿ ಅಂತ ಆರ್ಡರ್ ಹಾಕಿದ್ದೀನಿ."

ಅವತ್ತಿಂದ ಒಂದು ತಿಂಗಳು ಸ್ಟಾಫ್ ರೂಮಿನಲ್ಲಿ ಯಾರೂ ನನಗೆ ಚಹಾ ಕೊಡಲಿಲ್ಲ.

ಕಮಿಟಿ ಬಂತು

ಕಾಲೇಜಿನ ಗುಣಮಟ್ಟ ನೋಡಲು ಹೊರಗಿನಿಂದ ಒಂದು ಕಮಿಟಿ ಬರುವುದಿತ್ತು. ಬಣ್ಣ ಬಳಿದೆವು, ಕುಂಡ ತಂದೆವು, ನೀರು ಬಾರದ ನಲ್ಲಿಯಲ್ಲಿ ನೀರು ಬರಿಸಿದೆವು. ಮಕ್ಕಳಿಗೂ ತಯಾರಿ ನಡೆಯಿತು. "ನಿಮ್ಮ ಮೆಂಟರ್ ಏನು ಮಾಡ್ತಾರೆ ಅಂತ ಕೇಳಿದರೆ, ನಮ್ಮ ಸಮಸ್ಯೆಗಳನ್ನು ಕೇಳ್ತಾರೆ ಅನ್ನಿ" ಅಂತ ಹೇಳಿಕೊಟ್ಟಿದ್ದೆ. ಚಿಕ್ಕದು, ಚೊಕ್ಕದು, ಮರೆಯುವಂಥದ್ದಲ್ಲ.

ಕಮಿಟಿಯಲ್ಲಿದ್ದ ಹಿರಿಯರೊಬ್ಬರಿಗೆ ಕನ್ನಡ ಚೆನ್ನಾಗಿ ಬರುತ್ತಿತ್ತು. ಅವರು ನೇರವಾಗಿ ನನ್ನ ಗುಂಪಿನ ಅತ್ಯಂತ ಪ್ರಾಮಾಣಿಕ ಹುಡುಗಿಯ ಹತ್ತಿರವೇ ಹೋದರು. ಅಂಥವರು ಯಾಕೋ ಅಂಥವರನ್ನೇ ಹುಡುಕುತ್ತಾರೆ.

"ನಿಮ್ಮ ಮೆಂಟರ್ ಏನಮ್ಮ ಮಾಡ್ತಾರೆ?"

"ನಮ್ಮ ಸಮಸ್ಯೆ ಕೇಳ್ತಾರ್ರಿ ಸರ್."

ನಾನು ಉಸಿರು ಬಿಟ್ಟೆ. ಪ್ರಿನ್ಸಿಪಾಲರು ಮುಗುಳ್ನಕ್ಕರು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆ ಹಿರಿಯರು ನಿಲ್ಲಿಸಲಿಲ್ಲ.

"ಒಳ್ಳೇದು. ಕೇಳಿ ಆದಮೇಲೆ ಏನು ಮಾಡ್ತಾರೆ?"

ಅದನ್ನು ನಾನು ಹೇಳಿಕೊಟ್ಟಿರಲಿಲ್ಲ. ಹುಡುಗಿ ಒಂದು ಕ್ಷಣ ಯೋಚಿಸಿದಳು. ಆಮೇಲೆ ಇದ್ದದ್ದು ಇದ್ದ ಹಾಗೇ ಹೇಳಿದಳು: "ಅವರ ಸಮಸ್ಯೆ ಹೇಳ್ತಾರ್ರಿ."

ಹೆಣ್ಣು ನೋಡುವ ಶಾಸ್ತ್ರ

ಇದು ಕಳೆದ ವರ್ಷದ್ದು. ಕೊನೆಯ ವರ್ಷದ ಬಿ.ಎ. ಓದುತ್ತಿದ್ದ ಒಬ್ಬಳು ನನ್ನ ಗುಂಪಿನಲ್ಲಿದ್ದಳು. ಚೆನ್ನಾಗಿ ಓದುತ್ತಿದ್ದಳು, ಟೀಚರ್ ಆಗಬೇಕು ಅನ್ನುತ್ತಿದ್ದಳು. ಕಡೆಯ ಪರೀಕ್ಷೆ ಹತ್ತಿರ ಬಂದಾಗ ಕಾಲೇಜಿಗೆ ಬರುವುದನ್ನು ನಿಲ್ಲಿಸಿದಳು. ಅವಳ ಗೆಳತಿಯನ್ನು ಕೇಳಿದರೆ, "ಮನ್ಯಾಗೆ ಗಂಡು ನೋಡಾಕತ್ತಾರ್ರಿ ಮೇಡಂ. ಪರೀಕ್ಷೆಗೆ ಕಳಿಸಲ್ಲ ಅಂತಾರ್ರಿ. ದಿನಾ ಅಳ್ತಾಳ್ರಿ" ಅಂದಳು. ಮೂರು ವರ್ಷ ಓದಿ, ದಡ ಮುಟ್ಟುವ ಹೊತ್ತಿಗೆ ದೋಣಿ ಬಿಟ್ಟ ಹಾಗೆ. ಒಂದು ಸಲ ತಂದೆ ತಾಯಿ ಹತ್ತಿರ ಮಾತಾಡಿ ನೋಡೋಣ ಅಂತ ಭಾನುವಾರ ಬೆಳಿಗ್ಗೆ ಅವರೂರಿಗೆ ಹೊರಟೆ. ಅಲ್ಲಿಂದ ಹಾಗೇ ಒಂದು ಗೃಹಪ್ರವೇಶಕ್ಕೆ ಹೋಗುವುದಿದ್ದದ್ದರಿಂದ ರೇಷ್ಮೆ ಸೀರೆ ಉಟ್ಟಿದ್ದೆ. ಈ ಸೀರೆಯ ವಿಷಯ ಯಾಕೆ ಹೇಳುತ್ತಿದ್ದೇನೆ ಅಂದರೆ, ಮುಂದಿನದ್ದಕ್ಕೆಲ್ಲ ಕಾರಣ ಅದೇ.

ನನ್ನ ಆಟೋ ಅವರ ಮನೆ ಮುಂದೆ ನಿಂತಾಗ ಅಲ್ಲಿ ಒಂದು ದೊಡ್ಡ ಗಾಡಿ ಆಗಷ್ಟೇ ಬಂದು ನಿಂತಿತ್ತು. ಅದರಿಂದ ಹೆಂಗಸರು ಗಂಡಸರು ಇಳಿಯುತ್ತಿದ್ದರು. ಬಾಗಿಲಲ್ಲಿ ನಿಂತಿದ್ದವರು ಅವರ ಜೊತೆಗೇ ನನಗೂ, "ಬರ್ರಿ, ಬರ್ರಿ, ಶರಣ್ರಿ" ಅಂದರು. ಕಾಲಿಗೆ ನೀರು ಕೊಟ್ಟರು. ಕುಂಕುಮ ಇಟ್ಟರು, ಹೂವು ಕೊಟ್ಟರು. ಒಬ್ಬ ಮೆಂಟರ್‌ಗೆ ಇಷ್ಟು ಮರ್ಯಾದೆ ಕೊಡುವ ಮನೆಯವರು ಮಗಳ ಪರೀಕ್ಷೆ ಯಾಕೆ ತಪ್ಪಿಸುತ್ತಾರೆ ಅಂತ ನನಗೆ ಆಶ್ಚರ್ಯವಾಯಿತು.

ಒಳಗೆ ಜಮಖಾನದ ಮೇಲೆ ಗಾಡಿಯಲ್ಲಿ ಬಂದ ಹೆಂಗಸರು ಕೂತಿದ್ದರು. ಸರಿದು ನನಗೂ ಜಾಗ ಕೊಟ್ಟರು. ತಟ್ಟೆಯಲ್ಲಿ ಉಪ್ಪಿಟ್ಟು, ಶಿರಾ, ಮೇಲೊಂದು ಬಾಳೆಹಣ್ಣು ಬಂತು. ಪಕ್ಕದಲ್ಲಿದ್ದ ದಪ್ಪ ಬಳೆಯ ಯಜಮಾನಿ, "ನೀವು ಹುಡುಗಿಗೆ ಏನಾಗ್ಬೇಕ್ರಿ?" ಅಂದರು.

"ನಾನು ಅವಳ ಮೆಂಟರ್" ಅಂದೆ.

"ಹಾಂ, ಹಾಂ, ಸ್ವಾದರತ್ತಿ" ಅಂತ ತಾವೇ ಅರ್ಥ ಮಾಡಿಕೊಂಡು ತಲೆಯಾಡಿಸಿದರು. ಶಿರಾ ಬಾಯಲ್ಲಿತ್ತು. ತಿದ್ದಲಾಗಲಿಲ್ಲ.

ಅಷ್ಟರಲ್ಲಿ ಹುಡುಗಿ ಚಹಾದ ತಟ್ಟೆ ಹಿಡಿದುಕೊಂಡು, ಸೆರಗು ಹೊದ್ದುಕೊಂಡು ಹೊರಗೆ ಬಂದಳು. ಒಬ್ಬೊಬ್ಬರಿಗೇ ಕೊಡುತ್ತ ನನ್ನ ಹತ್ತಿರ ಬಂದು ತಲೆಯೆತ್ತಿದಳು. ತಟ್ಟೆಯಲ್ಲಿದ್ದ ಲೋಟಗಳೆಲ್ಲ ಗಲಗಲ ಅಂದವು. ಆಗ ನನಗೆ ಹೊಳೆಯಿತು, ನಾನು ಕೂತಿರುವುದು ಯಾವ ಪಂಕ್ತಿಯಲ್ಲಿ ಅಂತ. ಗಾಡಿಯಲ್ಲಿ ಬಂದವರು ನನ್ನನ್ನು ಹುಡುಗಿಯ ಸೋದರತ್ತೆ ಅಂದುಕೊಂಡಿದ್ದಾರೆ. ಮನೆಯವರು ನನ್ನನ್ನು ಹುಡುಗನ ಕಡೆಯ ದೊಡ್ಡವರು ಅಂದುಕೊಂಡಿದ್ದಾರೆ. ಎದ್ದು ನಿಂತು ಹೇಳಿಬಿಡಬೇಕು ಅನ್ನುವಷ್ಟರಲ್ಲಿ ಹುಡುಗಿಯ ತಂದೆ ಕೈ ಕಟ್ಟಿಕೊಂಡು ನನ್ನ ಮುಂದೆಯೇ ಬಂದು ನಿಂತರು.

"ಹುಡುಗಿನ್ನ ಏನಾರ ಕೇಳೋದಿದ್ರ ಕೇಳ್ರಿ ಅಕ್ಕಾರ."

ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಕಣ್ಣು ತುಂಬಿತ್ತು. ನನಗೆ ಕೇಳುವುದು ಒಂದೇ ಇತ್ತು. ಅದಕ್ಕೇ ಅಲ್ಲವೇ ನಾನು ಬಂದದ್ದು.

"ಪರೀಕ್ಷೆ ಯಾವಾಗಮ್ಮ?"

"ಮುಂದಿನ ತಿಂಗಳು" ಅಂದಳು.

"ತಯಾರಿ ಆಗಿದೆಯಾ?"

ತಂದೆಯೇ ನಡುವೆ ಬಂದು, "ಅದೇನೂ ತೊಂದ್ರಿ ಇಲ್ರಿ ಅಕ್ಕಾರ, ಪರೀಕ್ಷೆ ಬಿಡಿಸ್ತೀವ್ರಿ" ಅಂದರು.

"ಬಿಡಿಸೋದಾ? ಡಿಗ್ರಿ ಮುಗೀಲೇಬೇಕು. ಅದರಲ್ಲಿ ಮಾತೇ ಇಲ್ಲ" ಅಂದೆ. ಇದರಲ್ಲಿ ಸುಳ್ಳೇನೂ ಇರಲಿಲ್ಲ. ತರಗತಿಯಲ್ಲಿ ದಿನಾ ಹೇಳುವ ಮಾತೇ.

ತಂದೆ ಗಾಬರಿಯಾದರು. ಗಂಡಿನ ಕಡೆಯವರು ಓದಿದ ಹೆಣ್ಣೇ ಬೇಕು ಅನ್ನುತ್ತಿದ್ದಾರೆ ಅಂತ ಅವರಿಗನ್ನಿಸಿತು. "ಆತ್ರಿ, ಆತ್ರಿ, ನೀವು ಹೇಳಿದ ಮ್ಯಾಲೆ ಮುಗೀತು. ಬರೀತಾಳ್ರಿ!"

ಈ ಕಡೆ ದಪ್ಪ ಬಳೆಯ ಯಜಮಾನಿ, ಅವರೇ ಹುಡುಗನ ತಾಯಿ, ಹೆಣ್ಣಿನ ಸೋದರತ್ತೆ ಷರತ್ತು ಹಾಕುತ್ತಿದ್ದಾರೆ ಅಂದುಕೊಂಡರು. "ನಮ್ದೇನೂ ಅಡ್ಡಿ ಇಲ್ರಿ. ಮದುವಿ ಆದ ಮ್ಯಾಲೆ ಬರೀಲಿ ಬಿಡ್ರಿ."

"ಇಲ್ಲ. ಮೊದಲು ಪರೀಕ್ಷೆ. ಆಮೇಲೆ ಬಿ.ಎಡ್. ಮಾತು. ಮದುವೆ ಅವಳು ಒಪ್ಪಿದಾಗ" ಅಂದೆ.

ಎರಡೂ ಕಡೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇವರಿಗೆ ಅವರು ಎಲ್ಲಿ ಎದ್ದು ಹೋಗುತ್ತಾರೋ ಅನ್ನುವ ಭಯ, ಅವರಿಗೆ ಇವರು ಎಲ್ಲಿ ಬೇಡ ಅನ್ನುತ್ತಾರೋ ಅನ್ನುವ ಭಯ. ಇಬ್ಬರೂ ಒಟ್ಟಿಗೇ, "ಆಗಲ್ರಿ" ಅಂದರು. ನನ್ನ ಇಷ್ಟು ವರ್ಷಗಳ ನೌಕರಿಯಲ್ಲಿ ಇಷ್ಟು ಬೇಗ ಪೋಷಕರನ್ನು ಒಪ್ಪಿಸಿದ್ದು ಅದೇ ಮೊದಲು.

ಅಲ್ಲಿಗೇ ಮುಗಿದಿದ್ದರೆ ನಾನು ಬಾಳೆಹಣ್ಣು ತಿಂದು ಗೃಹಪ್ರವೇಶಕ್ಕೆ ಹೋಗುತ್ತಿದ್ದೆ. ಹುಡುಗನ ಸೋದರಮಾವ ಗಂಟಲು ಸರಿಮಾಡಿಕೊಂಡರು. "ಓದಿನ ಮಾತು ಬಂತಲ್ರಿ, ಹೇಳಿಬಿಡ್ತೀನಿ. ನಮ್ಮ ಹುಡುಗನೂ ಡಿಗ್ರಿ ಮುಗಿಸ್ಯಾನ್ರಿ. ಶಿಕಾರಿಪುರ ಕಾಲೇಜಿನಾಗೇ. ಭಾಳ ಶಾಣ್ಯಾ. ಗಾಡಿ ನೆಳ್ಳಿಗೆ ನಿಲ್ಲಿಸಾಕ ಹೋಗ್ಯಾನ, ಬಂದ ನೋಡ್ರಿ."

ಹುಡುಗ ಒಳಗೆ ಬಂದ. ಇಸ್ತ್ರಿ ಮಾಡಿದ ಅಂಗಿ, ಎಣ್ಣೆ ಹಚ್ಚಿ ಬಾಚಿದ ಕೂದಲು, ನಾಚಿಕೆಯಿಂದ ತಗ್ಗಿಸಿದ ತಲೆ. ಜಮಖಾನದ ತುದಿಯಲ್ಲಿ ಕೂತು, ಎಲ್ಲರೂ ನೋಡುತ್ತಿದ್ದಾರೆ ಅಂತ ಮೆಲ್ಲಗೆ ಮುಖ ಎತ್ತಿದ. ನೇರ ಎದುರಿಗೆ ನಾನು.

ಅವನು ಮುಳ್ಳಿನ ಮೇಲೆ ಕೂತವನ ಹಾಗೆ ಎದ್ದು ನೆಟ್ಟಗೆ ನಿಂತ. "ಗುಡ್ ಮಾರ್ನಿಂಗ್ ಮೇಡಂ!"

ನಾನು ಮೆತ್ತಗೆ, "ಕೂತ್ಕೋಪ್ಪ" ಅಂದೆ. ಅವನು ಕೂರಲಿಲ್ಲ. ಪಾಪ, ಮೂರು ವರ್ಷ ಅವನಿಗೂ ನಾನೇ ಮೆಂಟರ್. ಅವನು ಎಲ್ಲಿ ಕಂಡರೂ ನಾನು ಕೇಳುತ್ತಿದ್ದುದು ಒಂದೇ ಪ್ರಶ್ನೆ. ಅದನ್ನು ನಾನು ಆ ದಿನ ಕೇಳಲಿಲ್ಲ. ದೇವರಾಣೆ ಕೇಳಲಿಲ್ಲ. ಆದರೆ ಅಭ್ಯಾಸ ಬಲ ನೋಡಿ, ಅವನೇ ಉತ್ತರ ಕೊಟ್ಟುಬಿಟ್ಟ.

"ಈ ಸಲ ಫೀಸ್ ಕಟ್ಟೀನ್ರಿ ಮೇಡಂ! ಆ ಹಿಸ್ಟರಿ ಪೇಪರ್ ಈ ಸಲ ಖಂಡಿತ ಪಾಸ್ ಮಾಡ್ತೀನ್ರಿ!"

ಸೋದರಮಾವ ಬಾಳೆಹಣ್ಣು ಸುಲಿಯುವುದರಲ್ಲಿ ಮುಳುಗಿಹೋದರು. ಹುಡುಗಿಯ ತಂದೆ ಅವನನ್ನು ನೋಡಿದರು, ನನ್ನನ್ನು ನೋಡಿದರು. ಅವರ ಹಣೆಯ ವಿಭೂತಿ ಬೆವರಿಗೆ ಇಳಿಯುತ್ತಿತ್ತು.

"ಅಕ್ಕಾರ, ಒಂದು ಮಾತು ಕೇಳ್ತೀನಿ, ತಪ್ಪು ತಿಳೀಬ್ಯಾಡ್ರಿ. ನೀವು ಯಾರ ಕಡಿಯೋರು?"

"ಎರಡೂ ಕಡೆಯವಳೇ" ಅಂದೆ. "ಇಬ್ಬರಿಗೂ ನಾನೇ ಮೆಂಟರ್."

ಮೊದಲು ನಕ್ಕಿದ್ದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹುಡುಗಿಯ ತಾಯಿ. ಸೆರಗು ಬಾಯಿಗೆ ಒತ್ತಿಕೊಂಡರೂ ನಿಲ್ಲಲಿಲ್ಲ. ಆ ನಗುವಿನ ಧೈರ್ಯದಲ್ಲಿ ಹುಡುಗಿ ಚಹಾದ ತಟ್ಟೆ ಕೆಳಗಿಟ್ಟು, ಮೊದಲ ಸಲ ಜೋರಾಗಿ ಮಾತಾಡಿದಳು. "ಅಪ್ಪಾ, ನಾನು ಪರೀಕ್ಷೆ ಬರೀತೀನಿ. ಅವರೂ ಬರೀಲಿ. ಯಾರು ಪಾಸಾಗ್ತಾರ ನೋಡಿ ಆಮ್ಯಾಲೆ ಮಾತಾಡಾಣು." ತಂದೆ ಟವೆಲ್ಲಿನಿಂದ ಹಣೆ ಒರೆಸಿಕೊಂಡರು. ಆಮೇಲೆ, "ಬರೀ ತಾಯಿ" ಅಂದರು.

ಹುಡುಗಿ ಬರೆದಳು. ಒಳ್ಳೆಯ ಅಂಕದಲ್ಲಿ ಪಾಸಾಗಿ ಈಗ ಬಿ.ಎಡ್. ಓದುತ್ತಿದ್ದಾಳೆ. ಮದುವೆಯ ಮಾತನ್ನು ಅವರ ಮನೆಯಲ್ಲಿ ಸದ್ಯಕ್ಕೆ ಯಾರೂ ಎತ್ತುತ್ತಿಲ್ಲ.

ಹುಡುಗನೂ ಬರೆದ. ಪೇಪರ್ ಮತ್ತೆ ಉಳಿಯಿತು.

ಮೊನ್ನೆ ಅವನ ತಾಯಿ ಫೋನ್ ಮಾಡಿದ್ದರು. "ಮೇಡಂ, ಬೇರೆ ಕಡೆ ಒಂದು ಹೆಣ್ಣು ನೋಡಾಕ ಹೊಂಟೀವ್ರಿ. ನಿಮ್ಮ ಕಾಲೇಜಿನಾಗೆ ಎರಡನೇ ವರ್ಷ ಓದ್ತಾಳಂತ" ಅಂತ ಹೇಳಿ, ಹುಡುಗಿಯ ಊರು, ತಂದೆಯ ಹೆಸರು ಎಲ್ಲ ಹೇಳಿದರು. ಆಮೇಲೆ ದನಿ ತಗ್ಗಿಸಿ, "ಆಕಿ ಮೆಂಟರ್ ಯಾರ್ರಿ?" ಅಂದರು.

"ನಾನೇ" ಅಂದೆ.

ಆ ಕಡೆ ಒಂದು ಉದ್ದನೆಯ ಉಸಿರು ಕೇಳಿಸಿತು.

"ಹಂಗಾದ್ರ ಮೊದ್ಲು ನಮ್ಮ ಹುಡುಗ ಪೇಪರ್ ಪಾಸ್ ಮಾಡ್ಲಿ ಬಿಡ್ರಿ" ಅಂತ ಫೋನಿಟ್ಟರು.